ನಗರವೊಂದರ ಹೂವಿನ ಹಬ್ಬ: ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ

ಹೂವಿಲ್ಲದ ಹಬ್ಬ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬೇಕು. ಶೀಗೆ ಹುಣ್ಣಿಮೆಯಂದು ಹೊಲದಲ್ಲಿ ನಡೆಯುವ ಪೂಜೆಗೆ, ದಸರೆಯ ಆಯುಧಪೂಜೆಗೆ, ದೀಪಾವಳಿಯ ಅಂಗಡಿಪೂಜೆಗೆ ಚೆಂಡುಹೂ ಸೇವಂತಿಗೆಗಳು ಬೇಕೇ ಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಕರಡಿ ಮಜಲಿನ ನಾದದೊಡನೆ ಪಲ್ಲಕ್ಕಿ ಹೊರಟಿತೆಂದರೆ, ತೇರು ಸಾಗಿತೆಂದರೆ, ಅದರ ಮೈತುಂಬ ಹೂವಿನ ಹಾರಗಳಿರುತ್ತವೆ. ಆದರೆ ಈ ಎಲ್ಲ ಸಂದರ್ಭಗಳಲ್ಲಿಯೂ ಹೂವು ಹಬ್ಬದ ಒಂದು ಅಂಗ ಮಾತ್ರ. ಹೂವೇ ಹಬ್ಬಕ್ಕೆ ಕಾರಣವಾಗುವ, ಅದನ್ನು ನೋಡುವುದಕ್ಕೆಂದೇ ಲಕ್ಷಾಂತರ ಜನರು ಸೇರುವ ಉತ್ಸವವೊಂದು ನಮ್ಮ ರಾಜ್ಯದ ರಾಜಧಾನಿಯಲ್ಲಿ ಬಹುಕಾಲದಿಂದ ನಡೆದುಕೊಂಡು ಬಂದಿದೆ. ಅದುವೇ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಅದು ಬೆಳೆದು ಬಂದ ಬಗೆಯನ್ನೂ, ಅದರ ಒಳಗಿನ ವ್ಯವಸ್ಥೆಯನ್ನೂ, ನಮ್ಮ ಶಾಲೆಗಳು ಅದರಿಂದ ಪಡೆಯಬಹುದಾದ ಪಾಠವನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಲಾಲ್‌ಬಾಗು ಮೊದಲಿಗೆ ಅರಸರ ತೋಟ. 1760ರಲ್ಲಿ ಹೈದರ್ ಅಲಿಯು ಇದಕ್ಕೆ ಅಡಿಪಾಯ ಹಾಕಿದನು. ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ಬೆಳೆಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ತೋಟವು ಆಂಗ್ಲರ ಆಡಳಿತಕ್ಕೆ ಒಳಪಟ್ಟು, 1856ರಲ್ಲಿ ಸರಕಾರಿ ಸಸ್ಯೋದ್ಯಾನವೆನಿಸಿತು. ಸಸ್ಯೋದ್ಯಾನವೆಂದರೆ ಬರಿಯ ವಿಹಾರದ ತಾಣವಲ್ಲ. ಹೊರನಾಡಿನ ಗಿಡವೊಂದು ನಮ್ಮ ಮಣ್ಣಿಗೆ, ನಮ್ಮ ಹವೆಗೆ ಹೊಂದಿಕೊಳ್ಳುವುದೇ ಎಂದು ಪರೀಕ್ಷಿಸಿ, ಹೊಂದಿಕೊಂಡುದನ್ನು ರೈತರಿಗೆ ಹಂಚುವ ಪ್ರಯೋಗಶಾಲೆ ಅದು. 1874ರಿಂದ 1908ರವರೆಗೆ ಇದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನ್ ಇಂತಹ ಅನೇಕ ಬೆಳೆಗಳನ್ನು ಪ್ರಚಾರಕ್ಕೆ ತಂದನು. ಇಂದು ಸಂತೆಗಳಲ್ಲಿ ಅಗ್ಗವಾಗಿ ದೊರೆಯುವ ಸೀಮೆಬದನೆಯು ಬೆಂಗಳೂರಿನ ಸೀಮೆಯಲ್ಲಿ ನೆಲೆಗೊಂಡುದು ಅವನ ಪ್ರಯತ್ನದಿಂದಲೇ ಎಂದು ಹೇಳುತ್ತಾರೆ.

ಕ್ಯಾಮರಾನನ ಕಾಲದಲ್ಲಿಯೇ ಪ್ರದರ್ಶನಕ್ಕೆ ಶಾಶ್ವತವಾದ ನೆಲೆಯೊಂದು ದೊರೆಯಿತು. 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರನು ಗಾಜಿನ ಮನೆಗೆ ಶಂಕುಸ್ಥಾಪನೆ ಮಾಡಿದನು. 1851ರ ಮಹಾ ವಸ್ತುಪ್ರದರ್ಶನಕ್ಕಾಗಿ ಲಂಡನ್ನಿನಲ್ಲಿ ಕಟ್ಟಿದ ಸ್ಫಟಿಕ ಅರಮನೆಯೇ ಇದಕ್ಕೆ ಮಾದರಿ. ಇದರ ಎರಕದ ಕಬ್ಬಿಣವು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಎರಕದ ಕಾರ್ಖಾನೆಯಿಂದ ಬಂದಿತು. ಮೂಲಮಾದರಿಯು 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಬೆಂಗಳೂರಿನ ಗಾಜಿನ ಮನೆಯಾದರೋ ಇಂದಿಗೂ ನಿಂತಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಯುರೋಪಿನ ಚಳಿನಾಡುಗಳಲ್ಲಿ ಗಾಜಿನ ಮನೆಯೆಂಬುದು ಬಿಸಿಲಿನ ಶಾಖವನ್ನು ಹಿಡಿದಿಟ್ಟು ಗಿಡಗಳನ್ನು ಕಾಪಾಡುವ ಮುಚ್ಚಿದ ಕೋಣೆ. ಬೆಂಗಳೂರಿನ ಹವೆಗೆ ಅಂತಹ ರಕ್ಷಣೆ ಬೇಕಿರಲಿಲ್ಲ. ಆದುದರಿಂದ ನಮ್ಮ ಗಾಜಿನ ಮನೆಯ ಪಕ್ಕಗಳು ತೆರೆದಿವೆ. ಗಾಳಿಯೂ ಜನರೂ ನಾಲ್ಕು ಕಡೆಯಿಂದ ಬರಬಹುದಾದ ಮಂಟಪವಾಗಿ ಅದು ಮಾರ್ಪಟ್ಟಿತು.

1908ರಲ್ಲಿ ಕ್ಯಾಮರಾನನ ಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗೆಲ್ಲರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘವು ಸ್ಥಾಪನೆಯಾಯಿತು. ಸರಕಾರದ ಇಲಾಖೆಯೂ ಹವ್ಯಾಸಿ ತೋಟಗಾರರ ಈ ಸಂಘವೂ ಜೊತೆಗೂಡಿ ಪ್ರದರ್ಶನವನ್ನು ನಡೆಸುವ ಪದ್ಧತಿಯು ಬೆಳೆದು ಬಂದಿತು. ಕ್ರುಂಬಿಗೆಲ್ಲರ ಬಳಿಕ ಜವರಾಯರೂ, ಮುಂದೆ ಮರೀಗೌಡರೂ ಈ ಪರಂಪರೆಯನ್ನು ಮುನ್ನಡೆಸಿದರು. ವಿಶೇಷವಾಗಿ ಮರೀಗೌಡರು ತೋಟಗಾರಿಕೆಯನ್ನು ಲಾಲ್‌ಬಾಗಿನ ಬೇಲಿಯಿಂದ ಹೊರಗೆ ತಂದು, ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಪಾಲನಾಲಯಗಳನ್ನೂ ಹರಡಿದ ಮಹನೀಯರು.

ಸ್ವಾತಂತ್ರ್ಯಾನಂತರ ಪ್ರದರ್ಶನವು ಆಗಸ್ಟ್ 15 ಮತ್ತು ಜನವರಿ 26ರ ರಾಷ್ಟ್ರೀಯ ಹಬ್ಬಗಳೊಡನೆ ಸೇರಿಕೊಂಡಿತು. ಇದರಿಂದ ಹೂವಿನ ಹಬ್ಬಕ್ಕೆ ಪೌರಜೀವನದ ಅರ್ಥವೊಂದು ಕೂಡಿತು. ಅರಸನ ತೋಟವು ಪ್ರಜೆಗಳ ತೋಟವಾದುದನ್ನು ಪ್ರಜೆಗಳೇ ವರ್ಷಕ್ಕೆರಡು ಬಾರಿ ಅಲ್ಲಿ ನೆರೆದು ನೆನೆಯುವಂತಾಯಿತು. ತೋಟಗಾರನ ದೃಷ್ಟಿಯಿಂದಲೂ ಈ ಎರಡು ತಿಂಗಳುಗಳು ಉಪಯುಕ್ತವೇ. ಜನವರಿಯ ಪ್ರದರ್ಶನವು ಚಳಿಗಾಲದ ಹೂಗಳನ್ನು ತೋರಿಸಿದರೆ, ಆಗಸ್ಟಿನದು ಮಳೆಗಾಲದ ಹೂಗಳನ್ನು ತೋರಿಸುತ್ತದೆ.

ಗಾಜಿನ ಮನೆಯ ನಡುವೆ ಪ್ರತಿ ಸಲವೂ ಒಂದು ವಿಷಯವನ್ನು ಆಧರಿಸಿ ಹೂವಿನ ಬೃಹತ್ ಕಲಾಕೃತಿಯನ್ನು ನಿಲ್ಲಿಸುವುದು ಈಚಿನ ದಶಕಗಳಲ್ಲಿ ವಾಡಿಕೆಯಾಗಿದೆ. ಮಹಾಮಾರಿ ಕೋವಿಡ್‌ನಿಂದ ನಿಂತುಹೋಗಿದ್ದ ಪ್ರದರ್ಶನವು 2022ರ ಆಗಸ್ಟಿನಲ್ಲಿ ಮತ್ತೆ ಆರಂಭವಾದಾಗ ಡಾ. ರಾಜಕುಮಾರ್ ಮತ್ತು ಹಿಂದಿನ ವರ್ಷವಷ್ಟೇ ಅಗಲಿದ ಪುನೀತ್ ರಾಜಕುಮಾರ್ ಅವರ ಸ್ಮರಣೆ ಅದರ ವಿಷಯವಾಗಿತ್ತು. 2023ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯನವರೂ ವಿಧಾನಸೌಧವೂ, 2024ರ ಆಗಸ್ಟಿನಲ್ಲಿ ಡಾ. ಬಿ. ಆರ್. ಅಂಬೇಡ್ಕರರೂ, 2025ರ ಆಗಸ್ಟಿನಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಹಾಗೂ ಸಂಗೊಳ್ಳಿ ರಾಯಣ್ಣರೂ ಹೂವಿನ ರೂಪದಲ್ಲಿ ಕಾಣಿಸಿಕೊಂಡರು. 2024ರ ಜನವರಿ 18ರಂದು ಆರಂಭವಾದ 215ನೆಯ ಪ್ರದರ್ಶನವು ಬಸವಣ್ಣನವರಿಗೂ ವಚನಸಾಹಿತ್ಯಕ್ಕೂ ಮೀಸಲಾಗಿದ್ದು, ಗಾಜಿನ ಮನೆಯಲ್ಲಿ ಅನುಭವ ಮಂಟಪವು ಹೂವಿನಿಂದ ಎದ್ದು ನಿಂತಿತ್ತು. ರಾಜ್ಯದ ಸಚಿವ ಸಂಪುಟವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಲು ತೀರ್ಮಾನಿಸಿದುದೂ ಅದೇ ದಿನ. ನಗರವು ಯಾರನ್ನು ಗೌರವಿಸಬಯಸುತ್ತದೆ, ಯಾರನ್ನು ಮಕ್ಕಳಿಗೆ ತೋರಿಸಬಯಸುತ್ತದೆ ಎಂಬುದನ್ನು ಹೀಗೆ ಹೂವಿನ ಮೂಲಕ ಸಾರುತ್ತದೆ.

ಹೂವನ್ನು ಪೌರವೈಭವಕ್ಕೆ ಬಳಸುವ ಪದ್ಧತಿ ಅನ್ಯತ್ರವೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದಲ್ಲಿ 1890ರಿಂದ ಹೊಸವರ್ಷದ ಗುಲಾಬಿ ಮೆರವಣಿಗೆ ನಡೆಯುತ್ತದೆ. ದೇಶದ ಪೂರ್ವಭಾಗವೆಲ್ಲ ಹಿಮದಲ್ಲಿ ಮುಳುಗಿರುವಾಗ ತಮ್ಮ ಊರಿನಲ್ಲಿ ಗುಲಾಬಿ ಅರಳಿರುವುದನ್ನು ಜಗತ್ತಿಗೆ ತೋರಿಸಬೇಕೆಂಬುದು ಅದನ್ನು ಆರಂಭಿಸಿದವರ ಬಯಕೆಯಾಗಿತ್ತು. ಅಲ್ಲಿಯ ರಥಗಳ ಹೊರಮೈಯೆಲ್ಲವನ್ನೂ ಹೂವು, ಎಲೆ, ಬೀಜ, ತೊಗಟೆ ಮುಂತಾದ ನೈಸರ್ಗಿಕ ವಸ್ತುಗಳಿಂದಲೇ ಮುಚ್ಚಬೇಕೆಂಬ ನಿಯಮವಿದೆ. ನಮ್ಮ ಮೈಸೂರಿನ ದಸರೆಯಲ್ಲಿಯೂ ಜಿಲ್ಲೆ ಜಿಲ್ಲೆಯ ಸ್ತಬ್ಧಚಿತ್ರಗಳು ಜಂಬೂಸವಾರಿಯಲ್ಲಿ ಸಾಗುತ್ತವೆ. ಕುಪ್ಪಣ್ಣ ಉದ್ಯಾನದಲ್ಲಿ ಫಲಪುಷ್ಪ ಪ್ರದರ್ಶನವೂ ಏರ್ಪಡುತ್ತದೆ. ಮೆರವಣಿಗೆಯಲ್ಲಿ ಜನರು ನಿಂತಿರುತ್ತಾರೆ, ವೈಭವವು ಅವರ ಮುಂದೆ ಸಾಗಿಹೋಗುತ್ತದೆ. ಲಾಲ್‌ಬಾಗಿನಲ್ಲಿ ಹೂವು ನಿಂತಿರುತ್ತದೆ, ಜನರು ಅದರ ಸುತ್ತ ಸಾಗುತ್ತಾರೆ. ನಿಂತ ಹೂವಿನ ಬಳಿಗೆ ಬಾಗಿ ಅದರ ಹೆಸರನ್ನು ಓದಬಹುದು, ಎಲೆಯನ್ನು ಪರೀಕ್ಷಿಸಬಹುದು, ಬೆಳೆದವರನ್ನು ಪ್ರಶ್ನಿಸಬಹುದು. ಪ್ರದರ್ಶನದ ಶೈಕ್ಷಣಿಕ ಮೌಲ್ಯವು ಇರುವುದು ಇಲ್ಲಿಯೇ.

ಈ ವೈಭವದ ಹಿಂದಿರುವ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಪ್ರದರ್ಶನದ ಹೂಗಳಲ್ಲಿ ಎರಡು ವಿಧ. ಗಾಜಿನ ಮನೆಯ ಕಲಾಕೃತಿಗೆ ಬಳಸುವವು ಕೊಯ್ದ ಹೂಗಳು. ಕಬ್ಬಿಣದ ಹಾಗೂ ಮರದ ಚೌಕಟ್ಟಿಗೆ ನೀರನ್ನು ಹೀರಿಕೊಳ್ಳುವ ಮೃದುವಾದ ಇಟ್ಟಿಗೆಗಳನ್ನು ಹೊಂದಿಸಿ, ಅವುಗಳಲ್ಲಿ ಗುಲಾಬಿ, ಸೇವಂತಿಗೆ ಮೊದಲಾದ ಲಕ್ಷಗಟ್ಟಲೆ ಹೂಗಳನ್ನು ಒಂದೊಂದಾಗಿ ಕೈಯಿಂದಲೇ ಚುಚ್ಚುತ್ತಾರೆ. ಬೆಂಗಳೂರಿನ ಸುತ್ತಲಿನ ಮತ್ತು ಹೊಸೂರು ಭಾಗದ ಹಸಿರುಮನೆಗಳು ಗುಲಾಬಿಗೆ ಹೆಸರಾದವು. ಕೊಯ್ದ ಹೂವಿನ ಆಯುಷ್ಯವು ಕೆಲವೇ ದಿನ; ಆದುದರಿಂದ ಪ್ರದರ್ಶನದ ನಡುವೆ ಬಾಡಿದುದನ್ನು ತೆಗೆದು ಹೊಸತನ್ನು ಇಡಬೇಕಾಗುತ್ತದೆ.

ಎರಡನೆಯ ವಿಧವು ಕುಂಡದಲ್ಲಿ ಬೆಳೆದ ಹೂಗಿಡಗಳು. ತೋಟಗಾರನ ವಿದ್ಯೆ ಕಾಣುವುದು ಇವುಗಳಲ್ಲಿಯೇ. ಜನವರಿಯ ನಿಗದಿತ ದಿನದಂದು ಗಿಡವು ಮೈತುಂಬ ಅರಳಿರಬೇಕು. ಒಂದು ವಾರ ಮೊದಲೂ ಅಲ್ಲ, ಒಂದು ವಾರ ತಡವೂ ಅಲ್ಲ. ಆದುದರಿಂದ ಅವನು ಆ ದಿನದಿಂದ ಹಿಂದಕ್ಕೆ ಎಣಿಸುತ್ತಾನೆ. ಗಿಡ್ಡ ಜಾತಿಯ ಚೆಂಡುಹೂವಿಗೆ ಬಿತ್ತನೆಯಿಂದ ಹೂಬಿಡುವವರೆಗೆ ಸುಮಾರು ಎರಡು ತಿಂಗಳು ಬೇಕು; ಪೆಟೂನಿಯದಂತಹ ಗಿಡಗಳಿಗೆ ಸುಮಾರು ಮೂರು ತಿಂಗಳು. ಕುಡಿಯನ್ನು ಚಿವುಟಿದರೆ ಗಿಡವು ಹರಡಿಕೊಂಡು ಹೆಚ್ಚು ಮೊಗ್ಗು ಬಿಡುತ್ತದೆ, ಆದರೆ ಹೂವು ಕೆಲವು ದಿನ ತಡವಾಗುತ್ತದೆ. ಸೇವಂತಿಗೆಯ ಲೆಕ್ಕ ಇನ್ನೂ ಸೂಕ್ಷ್ಮ. ಅದು ಇರುಳು ದೀರ್ಘವಾಗುವ ಕಾಲದಲ್ಲಿ ಮೊಗ್ಗು ಕಟ್ಟುವ ಗಿಡ. ರಾತ್ರಿ ದೀಪವನ್ನು ಉರಿಸಿ ಇರುಳನ್ನು ಮೊಟಕುಗೊಳಿಸಿದರೆ ಅದರ ಹೂವನ್ನು ಮುಂದೂಡಬಹುದು. ಕಪ್ಪು ಹೊದಿಕೆಯಿಂದ ಹಗಲನ್ನು ಮೊಟಕುಗೊಳಿಸಿದರೆ ಬೇಗನೆ ಅರಳಿಸಬಹುದು. ಹೀಗೆ ಒಂದು ಕುಂಡದಲ್ಲಿ ಗಣಿತವೂ ಸಸ್ಯಶಾಸ್ತ್ರವೂ ಭೂಗೋಲವೂ ಒಟ್ಟಿಗೆ ಅಡಗಿವೆ.

ಪ್ರದರ್ಶನದ ಅಂಗವಾಗಿ ಸ್ಪರ್ಧೆಗಳೂ ನಡೆಯುತ್ತವೆ. ಮನೆಯಂಗಳದ ಕೈತೋಟ, ತಾರಸಿಯ ತೋಟ, ಸಂಘಸಂಸ್ಥೆಗಳ ಉದ್ಯಾನ ಇವುಗಳನ್ನು ತೀರ್ಪುಗಾರರು ಮೊದಲೇ ಸಂದರ್ಶಿಸಿ ಅಂಕಗಳನ್ನು ನೀಡುತ್ತಾರೆ. ಕುಬ್ಜವೃಕ್ಷಗಳು, ಜಪಾನಿನ ಇಕೆಬಾನ, ತರಕಾರಿಯ ಕೆತ್ತನೆ, ಒಣಹೂವಿನ ಜೋಡಣೆ ಮುಂತಾದ ವಿಭಾಗಗಳಿವೆ. ಗೃಹಿಣಿಯರೂ ನಿವೃತ್ತರೂ ವಿದ್ಯಾರ್ಥಿಗಳೂ ಇವುಗಳಲ್ಲಿ ಭಾಗವಹಿಸುತ್ತಾರೆ. ದಿನಪತ್ರಿಕೆಯ ಮೊದಲ ಪುಟದಲ್ಲಿ ಕಾಣುವುದು ಗಾಜಿನ ಮನೆಯ ಕಲಾಕೃತಿ. ಆದರೆ ಪ್ರದರ್ಶನದ ನಿಜವಾದ ಬೇರುಗಳಿರುವುದು ಈ ಸಾವಿರಾರು ಅಂಗಳಗಳಲ್ಲಿ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ವೈಭವವು ಹೆಚ್ಚಿದಂತೆ ನೋಡುವವರ ಸಂಖ್ಯೆ ಬೆಳೆಯುತ್ತದೆ. ಬೆಳೆಯುವವರ ಸಂಖ್ಯೆ ಅದೇ ಪ್ರಮಾಣದಲ್ಲಿ ಬೆಳೆಯುವುದೆಂಬ ಭರವಸೆಯಿಲ್ಲ. ರಜಾದಿನದ ನೂಕುನುಗ್ಗಲಿನಲ್ಲಿ ಛಾಯಾಚಿತ್ರ ತೆಗೆದುಕೊಂಡು ಹೊರಬೀಳುವವನಿಗೆ ಗಿಡದ ಹೆಸರನ್ನು ಓದುವಷ್ಟು ವ್ಯವಧಾನವಿರುವುದಿಲ್ಲ. ಹೂವನ್ನು ನಿಲ್ಲಿಸುವ ಆ ಮೃದುವಾದ ಇಟ್ಟಿಗೆಯೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಜಾತಿಯದೇ. ಅದು ಮಣ್ಣಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹೂವಿನ ಹಬ್ಬವು ಮಣ್ಣಿಗೆ ಭಾರವಾಗಬಾರದು. ಬಸವಾದಿ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವು ಎಲ್ಲರಿಗೂ ತಿಳಿದುದೇ ಆಗಿದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ತೋಟದ ಕಾಯಕದ ಗೊಗ್ಗಯ್ಯನನ್ನು ಕಾಣುವ ಪ್ರಸಂಗವೇ ಬರುತ್ತದೆ. ಹೂವಿನ ಅನುಭವ ಮಂಟಪವನ್ನು ನೋಡಿ ಬೆರಗಾಗುವವನು, ಆ ಹೂವನ್ನು ಬೆಳೆದ ಕೈಗಳನ್ನು ಒಂದು ಗಳಿಗೆ ನೆನೆದನಾದರೆ ಆ ದರ್ಶನವು ಸಾರ್ಥಕ.

ನಮ್ಮ ಸೀಮೆಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಕೃಷ್ಣಾ ಘಟಪ್ರಭಾ ನದಿಗಳ ನೀರಿನಿಂದ ಕಬ್ಬು ಬೆಳೆಯುವ, ದ್ರಾಕ್ಷಿ ದಾಳಿಂಬೆಗಳನ್ನು ಬೆಳೆಯುವ ಊರುಗಳು ನಮ್ಮವು. ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2008ರಲ್ಲಿ ಸ್ಥಾಪನೆಯಾದುದು ನಮ್ಮ ಜಿಲ್ಲಾ ಕೇಂದ್ರವಾದ ಬಾಗಲಕೋಟೆಯಲ್ಲಿಯೇ; ಅದರ ತೋಟಗಾರಿಕೆ ಮೇಳಗಳಿಗೆ ರೈತರು ಹೋಗಿಬರುತ್ತಾರೆ. ರಬಕವಿ-ಬನಹಟ್ಟಿಯ ನೇಕಾರರು ಸೀರೆಯ ಸೆರಗಿನಲ್ಲಿ ಹೂಬಳ್ಳಿಗಳನ್ನು ಅರಳಿಸಬಲ್ಲವರು. ಗಾಜಿನ ಮನೆಯ ವೈಭವವನ್ನು ಅನುಕರಿಸುವ ಶಕ್ತಿ ಶಾಲೆಗಳಿಗಿಲ್ಲ, ಅದರ ಅವಶ್ಯಕತೆಯೂ ಇಲ್ಲ. ಕುಂಡದ ಸ್ಪರ್ಧೆಯನ್ನಾದರೋ ಯಾವ ಶಾಲೆಯೂ ನಡೆಸಬಹುದು.

ಅದರ ಕ್ರಮ ಸರಳವಾದುದು. ಅಕ್ಟೋಬರ್ ಮೊದಲ ವಾರದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕುಂಡ, ಎರೆಮಣ್ಣಿಗೆ ಮರಳನ್ನೂ ಗೊಬ್ಬರವನ್ನೂ ಬೆರೆಸಿದ ಮಣ್ಣು ಹಾಗೂ ಕೆಲವು ಬೀಜಗಳನ್ನು ಕೊಡಬೇಕು. ಎರೆಮಣ್ಣೊಂದೇ ಆದರೆ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬಿತ್ತಿದ ದಿನ, ಮೊಳೆತ ದಿನ, ಕುಡಿ ಚಿವುಟಿದ ದಿನ, ಮೊದಲ ಮೊಗ್ಗು ಕಂಡ ದಿನ ಇವುಗಳನ್ನು ವಿದ್ಯಾರ್ಥಿಯೇ ಒಂದು ಹಾಳೆಯಲ್ಲಿ ಬರೆದಿಡಬೇಕು. ಜನವರಿ 26ರಂದು ಧ್ವಜವಂದನೆಯ ಬಳಿಕ ಕುಂಡಗಳನ್ನೂ ಹಾಳೆಗಳನ್ನೂ ಜೊತೆಯಾಗಿ ಪ್ರದರ್ಶಿಸಬೇಕು. ಹೂವಿಗೆ ಕೊಡುವಷ್ಟೇ ಅಂಕಗಳನ್ನು ಹಾಳೆಗೂ ಕೊಡಬೇಕು. ಯಾರ ಗಿಡವು ಒಣಗಿತೋ ಅವನೂ ತನ್ನ ಹಾಳೆಯನ್ನು ತರಲಿ; ಗಿಡವು ಏಕೆ ಒಣಗಿತೆಂದು ಬರೆಯಬಲ್ಲ ಬಾಲಕನು ಬಹುಮಾನಕ್ಕೆ ಅರ್ಹನೇ ಸರಿ. ಶಾಲೆಗೆ ಬರುವ ದಾನಿಗಳು ಅತಿಥಿಗಳ ಕೊರಳಿಗೆ ಬೀಳುವ ಹಾರಗಳ ವೆಚ್ಚವನ್ನು ಬೀಜ ಮತ್ತು ಕುಂಡಗಳಿಗೆ ತಿರುಗಿಸಿದರೆ ಅವರ ದಾನವು ಮರುವರ್ಷವೂ ಅರಳುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ತೋಟಗಾರಿಕೆಯನ್ನು ಬಲ್ಲ ರೈತರು ಅನೇಕರಿದ್ದಾರೆ; ತೀರ್ಪುಗಾರರ ಪೀಠದಲ್ಲಿ ಅವರನ್ನು ಕೂರಿಸುವುದು ಶಾಲೆಗೇ ಗೌರವ.

ಜಾತ್ರೆಯಲ್ಲಿ ಹೂವು ಅರ್ಪಿತವಾಗುತ್ತದೆ. ಪ್ರದರ್ಶನದಲ್ಲಿ ಹೂವಿನ ಹೆಸರನ್ನೂ ಹುಟ್ಟನ್ನೂ ಕೇಳುತ್ತೇವೆ. ಎರಡೂ ಬೇಕು. ಕೇಳುವ ಅಭ್ಯಾಸವು ಎಳವೆಯಲ್ಲಿಯೇ ಬೆಳೆದರೆ ಅರ್ಪಿಸುವ ಭಾವವು ಕುಂದುವುದಿಲ್ಲ, ಇನ್ನಷ್ಟು ಆಳವಾಗುತ್ತದೆ. ಬೆಂಗಳೂರಿನ ಗಾಜಿನ ಮನೆಯ ಹೂವು ಹತ್ತು ಹನ್ನೆರಡು ದಿನಗಳಲ್ಲಿ ಬಾಡುತ್ತದೆ. ಅದನ್ನು ನೋಡಿ ಮನೆಗೆ ಮರಳಿದ ಮಗುವೊಂದು ಕುಂಡದಲ್ಲಿ ಬೀಜವನ್ನು ಊರಿದರೆ, ಆ ಹಬ್ಬವು ಮುಗಿದಂತಲ್ಲ.