ಕರುಳಬಳ್ಳಿ ಕಡಿಯುವ ಮುನ್ನ

1994ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ನ್ಯಾಯಾಲಯವೊಂದು ಒಬ್ಬ ತಾಯಿಗೆ ತನ್ನ ಇಬ್ಬರು ಮಕ್ಕಳ ಮೇಲಿದ್ದ ಹಕ್ಕನ್ನು ಪೂರ್ತಿ ರದ್ದು ಮಾಡಿತು. ವಿಚ್ಛೇದನದ ನಂತರ ಮಕ್ಕಳು ತಂದೆಯ ಬಳಿ ಇದ್ದರು. ಮಲತಾಯಿ ಅವರನ್ನು ದತ್ತು ಪಡೆಯಲು ಮುಂದಾಗಿದ್ದರು. ಹೆತ್ತ ತಾಯಿ ಮೇಲ್ಮನವಿಗೆಂದು 100 ಡಾಲರ್ ಶುಲ್ಕ ಕಟ್ಟಿದರು. ಆದರೆ ವಿಚಾರಣೆಯ ದಾಖಲೆ ಸಿದ್ಧಪಡಿಸಲು ಇನ್ನೂ 2,352 ಡಾಲರ್ 36 ಸೆಂಟ್ ಬೇಕಾಗಿತ್ತು. ಪುಟಕ್ಕೆ 2 ಡಾಲರಿನಂತೆ ಸಾಕ್ಷಿಗಳ ಹೇಳಿಕೆಯ 950 ಪುಟ, ಇತರ ಕಾಗದಗಳ 219 ಪುಟ, ಜೊತೆಗೆ ರಟ್ಟು ಮತ್ತು ಅಂಚೆಯ ಖರ್ಚು. ಅಷ್ಟು ಹಣ ಆಕೆಯ ಬಳಿ ಇರಲಿಲ್ಲ. ರಿಯಾಯಿತಿ ಕೊಡಲು ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಎರಡು ವರ್ಷಗಳ ನಂತರ ದೇಶದ ಸುಪ್ರೀಂ ಕೋರ್ಟ್ ಆಕೆಯ ಪರ ತೀರ್ಪು ನೀಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ನಕಲಿಗೆ ಹಣವಿಲ್ಲವೆಂಬ ಕಾರಣಕ್ಕೆ ತಾಯಿಯೊಬ್ಬಳ ಮೇಲ್ಮನವಿಯ ಬಾಗಿಲು ಮುಚ್ಚುವಂತಿಲ್ಲ ಎಂಬುದು ಅದರ ಸಾರ. ಕೆಳ ನ್ಯಾಯಾಲಯದ ಆದೇಶ ಕಾನೂನಿನ ಮಾತುಗಳನ್ನೇ ಮತ್ತೆ ಹೇಳಿತ್ತೇ ಹೊರತು, ಯಾವ ಸಾಕ್ಷ್ಯದ ಮೇಲೆ ಆ ನಿರ್ಧಾರಕ್ಕೆ ಬಂದಿತೆಂದು ವಿವರಿಸಿರಲಿಲ್ಲ.

ಇಂಥ ಪ್ರಕರಣಗಳಲ್ಲಿ ಕಾಗದಕ್ಕೆ ಇಷ್ಟು ತೂಕ ಏಕೆ?

ಮಗುವನ್ನು ತಾತ್ಕಾಲಿಕವಾಗಿ ಬೇರೆಡೆ ಇರಿಸುವುದು ಒಂದು ಮಾತು. ಹೆತ್ತವರ ಹಕ್ಕನ್ನು ರದ್ದು ಮಾಡುವುದು ಬೇರೆಯೇ ಮಾತು. ರದ್ದಾದ ಮೇಲೆ ಮಗುವನ್ನು ನೋಡುವ, ಅದರ ಓದು ಅಥವಾ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಅಧಿಕಾರ ತಂದೆತಾಯಿಗೆ ಉಳಿಯುವುದಿಲ್ಲ. ಹೀಗಾಗಿ 1982ರಲ್ಲಿ, ನ್ಯೂಯಾರ್ಕ್‌ನ ಸ್ಯಾಂಟೋಸ್ಕಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸಾಕ್ಷ್ಯದ ಮಟ್ಟವನ್ನೇ ಎತ್ತರಿಸಿತು. ಯಾರ ಕಡೆ ತಕ್ಕಡಿ ಸ್ವಲ್ಪ ವಾಲಿದೆ ಎಂದು ನೋಡಿದರೆ ಸಾಲದು, ಸಾಕ್ಷ್ಯ ಸ್ಪಷ್ಟವಾಗಿರಬೇಕು, ಮನವರಿಕೆ ಮಾಡುವಂತಿರಬೇಕು ಎಂದಿತು.

ಆ ಮಟ್ಟ ಮುಟ್ಟುವ ಕಡತದಲ್ಲಿ ಮಗುವಿನ ಜನನ ಪ್ರಮಾಣಪತ್ರ, ಹಿಂದಿನ ಆದೇಶಗಳ ದೃಢೀಕೃತ ಪ್ರತಿಗಳು, ಆಸ್ಪತ್ರೆ ಮತ್ತು ಶಾಲೆಯ ದಾಖಲೆಗಳು ಇರುತ್ತವೆ. ತಂದೆ ಯಾರೆಂದು ಖಚಿತವಿಲ್ಲದಿದ್ದರೆ ಹಲವು ರಾಜ್ಯಗಳಲ್ಲಿ ಪಿತೃತ್ವ ನೋಂದಣಿ ಪುಸ್ತಕವನ್ನು ಹುಡುಕಿಸಿ, ಅದರ ಪ್ರಮಾಣಪತ್ರ ತರಬೇಕು. ತಂದೆಯೋ ತಾಯಿಯೋ ಎಲ್ಲಿದ್ದಾರೆಂದು ತಿಳಿಯದಿದ್ದರೆ, ಯಾರನ್ನು ಕೇಳಿದೆವು, ಯಾವ ವಿಳಾಸಕ್ಕೆ ಹೋದೆವು ಎಂದು ಹುಡುಕಾಟದ ವಿವರ ಬರೆದ ಅಫಿಡವಿಟ್ ಬೇಕು. ನೋಟಿಸ್ ಸರಿಯಾಗಿ ಜಾರಿಯಾಗದಿದ್ದರೆ ಮುಂದಿನ ಆದೇಶವೆಲ್ಲ ಕುಸಿದುಬೀಳಬಹುದು.

ಇಷ್ಟಕ್ಕೇ ಮುಗಿಯದು. 1997ರ ಕೇಂದ್ರ ಕಾನೂನಿನಂತೆ, ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಸರ್ಕಾರದ ಆಶ್ರಯದಲ್ಲಿದ್ದರೆ, ಹಕ್ಕು ರದ್ದುಪಡಿಸುವ ಅರ್ಜಿಯನ್ನು ರಾಜ್ಯದ ಮಕ್ಕಳ ಕಲ್ಯಾಣ ಇಲಾಖೆ ಸಾಮಾನ್ಯವಾಗಿ ಹಾಕಲೇಬೇಕು. ಇದಕ್ಕೆ ವಿನಾಯಿತಿಗಳೂ ಇವೆ: ಮಗು ಬಂಧುಗಳ ಬಳಿ ಬೆಳೆಯುತ್ತಿದ್ದರೆ, ಅರ್ಜಿ ಹಾಕುವುದು ಮಗುವಿಗೆ ಒಳ್ಳೆಯದಲ್ಲ ಎನ್ನುವ ಬಲವಾದ ಕಾರಣ ದಾಖಲಾಗಿದ್ದರೆ, ಕುಟುಂಬಕ್ಕೆ ಕೊಡಬೇಕಿದ್ದ ನೆರವನ್ನು ಇಲಾಖೆಯೇ ಕೊಡದಿದ್ದರೆ. ಈ ಕೊನೆಯ ಅಂಶವನ್ನು ತೋರಿಸಿಕೊಡುವುದು ದಿನಚರಿಯಂಥ ಸಣ್ಣ ಕಾಗದಗಳು. ಭೇಟಿ ಯಾವ ದಿನ ನಡೆಯಿತು, ಯಾವುದು ತಪ್ಪಿತು, ತಪ್ಪಿದ್ದು ಯಾರಿಂದ? ವ್ಯಸನಮುಕ್ತಿ ಚಿಕಿತ್ಸೆಗೆ ಹೆಸರು ಬರೆಸಿದ್ದು ಎಂದು, ಜಾಗ ಸಿಕ್ಕಿದ್ದು ಎಂದು? “ತಾಯಿ ಬರಲಿಲ್ಲ” ಎಂಬ ಒಂದು ಸಾಲಿನ ಹಿಂದೆ ಬಸ್ಸಿಲ್ಲದ ಊರು ಇರಬಹುದು, ಕೆಲಸದ ಪಾಳಿ ಇರಬಹುದು. ಅದನ್ನು ಬರೆದಿಡದವರು ತಾಯಿಗಷ್ಟೇ ಅಲ್ಲ, ಮಗುವಿಗೂ ಅನ್ಯಾಯ ಮಾಡುತ್ತಾರೆ. ಹಾಗೆಯೇ ಮಗುವಿನ ಮೈಮೇಲಿನ ಗಾಯ ಕಂಡ ವೈದ್ಯರ ಟಿಪ್ಪಣಿ ಕಡತದಿಂದ ತಪ್ಪಿಹೋದರೆ, ಅಪಾಯದ ಮನೆಗೇ ಮಗು ಮರಳಬೇಕಾದೀತು.

ಮೂಲನಿವಾಸಿ ಬುಡಕಟ್ಟುಗಳ ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಸಮುದಾಯದಿಂದ ಬೇರ್ಪಡಿಸಿದ ಇತಿಹಾಸವನ್ನು ಕಂಡು 1978ರಲ್ಲಿ ಪ್ರತ್ಯೇಕ ಕಾನೂನು ಬಂತು. ಅದರಂತೆ ಬುಡಕಟ್ಟಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಹೋಗಬೇಕು, ಅದು ತಲುಪಿದ ಸ್ವೀಕೃತಿ ಇರಬೇಕು. ಮಗುವಿಗೆ ಗಂಭೀರ ಹಾನಿಯಾಗುವ ಸಂಭವವನ್ನು ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ, ಅರ್ಹ ತಜ್ಞರ ಸಾಕ್ಷ್ಯದೊಂದಿಗೆ ಸಾಬೀತುಪಡಿಸಬೇಕು.

ಇಲಾಖೆಗೆ ವಕೀಲರಿದ್ದಾರೆ, ಕಚೇರಿಯಿದೆ. ಬಡ ಪೋಷಕರಿಗೆ? ಪ್ರತಿ ಪ್ರಕರಣದಲ್ಲೂ ವಕೀಲರನ್ನು ಒದಗಿಸಲೇಬೇಕೆಂದು ಸಂವಿಧಾನ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ತೀರ್ಪು ನೀಡಿತು. ಹೆಚ್ಚಿನ ರಾಜ್ಯಗಳು ತಮ್ಮದೇ ಕಾನೂನಿನ ಮೂಲಕ ಆ ನೆರವು ಕೊಡುತ್ತವೆ. ಆದರೂ ಭೇಟಿಯ ತಾರೀಖು, ತರಬೇತಿಯ ಪ್ರಮಾಣಪತ್ರ, ಬಾಡಿಗೆ ಕರಾರು, ಸಂಬಳದ ಚೀಟಿ, ಇಲಾಖೆಗೆ ಕಳಿಸಿದ ಪ್ರತಿ ಪತ್ರದ ನಕಲು, ಇವನ್ನು ಮೊದಲ ದಿನದಿಂದ ಜೋಡಿಸಿಡಬೇಕಾದವರು ಪೋಷಕರೇ. ವಕೀಲರು ಗೊತ್ತಾದ ಕೂಡಲೇ ಆ ಫೈಲು ಅವರ ಕೈಸೇರಿದರೆ, ಇಲಾಖೆಯ ವರದಿಯಲ್ಲಿ ತಪ್ಪಾಗಿ ನಮೂದಾದದ್ದನ್ನು ವಿಚಾರಣೆ ಆರಂಭವಾಗುವ ಮುನ್ನವೇ ಪ್ರಶ್ನಿಸಲು ಅವಕಾಶ ಸಿಗುತ್ತದೆ.