ಇಂಜಿನ್ನು, ಪಂಪು ಮತ್ತು ಒಂದು ನೇರ ಗೆರೆ

ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಗಂಟುಬಿದ್ದಾಗ, ಕವಿತೆ ನನ್ನಿಂದಾಗದು ಎಂದೆ. "ಹಾಗಾದರೆ ನಿನಗೆ ಗೊತ್ತಿದ್ದದ್ದನ್ನೇ ಬರಿ" ಎಂದರು. ನನಗೆ ಗೊತ್ತಿರುವುದು ಎರಡೇ. ಒಂದು, ಕಾಲೇಜಿನಲ್ಲಿ ಕಲಿಯುವ ಜಮಾ-ಖರ್ಚು. ಇನ್ನೊಂದು, ಸಾಸವಡದಲ್ಲಿರುವ ನನ್ನ ಸೋದರಮಾವನ ಹತ್ತಿರ ಎರಡು ರಜೆಗಳಲ್ಲಿ ಕಲಿತ ಕೆಲಸ, ಅಂದರೆ ನೀರೆತ್ತುವ ಇಂಜಿನ್ನನ್ನೂ ಪಂಪನ್ನೂ ಒಂದೇ ಲೈನಿಗೆ ತರುವುದು. ಮೊದಲನೆಯದನ್ನು ಕೇಳಿದರೆ ಕಲಾ ವಿಭಾಗದವರು ಎದ್ದು ಹೋಗುತ್ತಾರೆ. ಆದ್ದರಿಂದ ಎರಡನೆಯದನ್ನೇ ಹೇಳುತ್ತೇನೆ.

ಪುಣೆಯಿಂದ ದಿವೆ ಘಾಟು ಹತ್ತಿ ಹೋದರೆ ಸಿಗುವ ಊರು ಸಾಸವಡ. ಪುರಂದರ ತಾಲ್ಲೂಕಿನ ದೊಡ್ಡ ಊರು. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರರ ಪಾಲಖಿ ಇಲ್ಲಿ ತಂಗುತ್ತದೆ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರುವುದೂ ಇಲ್ಲೇ. ಊರಿಗೆ ಹೊಂದಿ ಕರ್ಹಾ ನದಿ ಇದೆ, ಆದರೆ ನದಿಯೆಂದರೆ ವರ್ಷವಿಡೀ ನೀರು ಎಂದು ತಿಳಿಯಬೇಡಿ. ನಮ್ಮ ಇಂಡಿ ಕಡೆಯ ಹಳ್ಳಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಘಟ್ಟದ ಮರೆಯ ಮಳೆ ಕಡಿಮೆ ನಾಡು ಅದು. ಅಂಥಲ್ಲಿ ಅಂಜೂರ, ಸೀತಾಫಲ, ವಟಾಣಿ ಬೆಳೆಯುತ್ತಾರೆ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇಷ್ಟೆಲ್ಲ ಬೆಳೆಯುವುದು ಎತ್ತಿದ ನೀರಿನ ಮೇಲೆ. ಬಾವಿಯಿಂದ, ಕೆರೆಯಿಂದ, ಹಳ್ಳದ ಮಡುವಿನಿಂದ ಎತ್ತಿದರೆ ಉಂಟು, ಎತ್ತದಿದ್ದರೆ ಇಲ್ಲ.

ಮಾಮಾ ಬಹಳ ವರ್ಷಗಳ ಹಿಂದೆ ಬಾವಿ ತೋಡುವ ತಂಡದ ಜೊತೆ ಆ ಕಡೆ ಹೋದವನು, ಅಲ್ಲೇ ಉಳಿದ. ಬಾವಿ ತೋಡುವುದರಿಂದ ಬಾವಿಯ ಇಂಜಿನ್ ದುರಸ್ತಿಗೆ ಬಂದ. ಮನೆಯಲ್ಲಿ ಕನ್ನಡ, ಹೊಲದಲ್ಲಿ ಮರಾಠಿ, ಪಾನಾ ಹಿಡಿದಾಗ ಎರಡರಲ್ಲೂ ಬೈಗಳು. ಅವನೂ ಇನ್ನು ಮೂರು ಮನೆಯವರೂ ಕೂಡಿ ಒಂದು ಡೀಸೆಲ್ ಇಂಜಿನ್ ಪಂಪು ಇಟ್ಟುಕೊಂಡಿದ್ದಾರೆ. ಅದು ಎರಡು ಗಾಲಿಯ ಗಾಡಿಯ ಮೇಲೆ ಕೂತಿದೆ. ಇವತ್ತು ಬಾವಿಗೆ, ನಾಲ್ಕು ದಿನ ಬಿಟ್ಟು ಮಡುವಿಗೆ, ಹೀಗೆ ಎಳೆದೊಯ್ಯುತ್ತಾರೆ. ನನ್ನ ಲೇಖನದ ಕಷ್ಟವೆಲ್ಲ ಈ ಎಳೆದೊಯ್ಯುವುದರಲ್ಲೇ ಇದೆ.

ಇಂಜಿನ್ನಿಗೆ ಒಂದು ಶಾಫ್ಟು, ಪಂಪಿಗೆ ಒಂದು ಶಾಫ್ಟು. ಎರಡರ ತುದಿಗೂ ಒಂದೊಂದು ಕಬ್ಬಿಣದ ಬಿಲ್ಲೆ. ಬಿಲ್ಲೆಗಳ ನಡುವೆ ಪಿನ್ನು ಮತ್ತು ರಬ್ಬರ್ ಬುಷ್ಷು. ಇದೇ ಕಪ್ಲಿಂಗು. ಎರಡು ಪೆನ್ಸಿಲನ್ನು ತುದಿಗೆ ತುದಿ ಹಚ್ಚಿ ಹಿಡಿದು ನೋಡಿ. ಅವು ಎರಡು ರೀತಿಯಲ್ಲಿ ತಪ್ಪಬಹುದು. ಎರಡೂ ನೆಟ್ಟಗೇ ಇದ್ದು ಒಂದು ಮೇಲೆ ಅಥವಾ ಪಕ್ಕಕ್ಕೆ ಸರಿದಿರಬಹುದು. ಇಲ್ಲವೆ ತುದಿ ಕೂಡಿದ್ದರೂ ಒಂದು ಓರೆಯಾಗಿ ನಿಂತಿರಬಹುದು. ನಿಜವಾದ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡೂ ತಪ್ಪು ಕೂಡಿಯೇ ಇರುತ್ತವೆ.

"ನಡುವೆ ರಬ್ಬರ್ ಐತಲ್ಲ ಮಾಮಾ, ಅಷ್ಟು ಇಷ್ಟು ಫರಕು ಅದೇ ತಡಕೊಳ್ಳತೈತಿ" ಎಂದು ನಾನು ಮೊದಲ ದಿನವೇ ಜಾಣತನ ತೋರಿಸಿದೆ. "ರಬ್ಬರ್ ಇರೋದು ಧಕ್ಕೆ ತಡಿಯಾಕೋ ಅಳಿಯಾ, ನಿನ್ನ ಸೋಮಾರಿತನ ತಡಿಯಾಕಲ್ಲ" ಎಂದ. ಆಮೇಲೆ ನಾನೇ ಲೆಕ್ಕ ಹಾಕಿದೆ. ಇಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಎಂಟು ತಾಸಿಗೆ 7,20,000 ಸುತ್ತು. ಲೈನು ತಪ್ಪಿದ್ದರೆ ಪ್ರತಿ ಸುತ್ತಿಗೂ ಆ ರಬ್ಬರು ಒಮ್ಮೆ ಹಿಸುಕಿಸಿಕೊಂಡು ಒಮ್ಮೆ ಬಿಡಿಸಿಕೊಳ್ಳಬೇಕು. ಒಂದೇ ದಿನದಲ್ಲಿ ಏಳು ಲಕ್ಷ ಸಲ! ಕಪ್ಲಿಂಗಿನ ಕೆಳಗೆ ಕಾಡಿಗೆಯಂಥ ಕಪ್ಪು ಪುಡಿ ಬಿದ್ದಿದ್ದರೆ ಅದು ಧೂಳಲ್ಲ, ಸವೆದ ರಬ್ಬರು. ಮಾಮಾ ಯಾವ ಹೊಲಕ್ಕೆ ಹೋದರೂ ಮೊದಲು ಬಗ್ಗಿ ನೋಡುವುದು ಅದನ್ನೇ.

ರಬ್ಬರು ಅಗ್ಗದ್ದು, ಹೋದರೆ ಹೋಗಲಿ ಎನ್ನಬಹುದು. ಆದರೆ ಶಾಫ್ಟನ್ನು ಹಿಡಿದಿರುವ ಬೇರಿಂಗಿನ ಮೇಲೂ ಅದೇ ಒತ್ತಡ ಬೀಳುತ್ತದೆ. ಗುಂಡಿನ ಬೇರಿಂಗಿಗೆ ಒಂದು ನಿಯಮವಿದೆ: ಭಾರ ಎರಡು ಪಟ್ಟಾದರೆ ಆಯುಷ್ಯ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಲೆಕ್ಕಪತ್ರದ ತರಗತಿಯಲ್ಲಿ ಯಂತ್ರದ ಸವಕಳಿಯನ್ನು ವರ್ಷಕ್ಕೆ ಶೇಕಡಾ ಇಷ್ಟು ಎಂದು ಸಮನಾಗಿ ಬರೆದುಹಾಕುತ್ತೇವೆ. ಯಂತ್ರಕ್ಕೆ ಕ್ಯಾಲೆಂಡರು ಗೊತ್ತಿದೆ ಎಂಬಂತೆ. ಎಂಟು ವರ್ಷ ಬಾಳಬೇಕಾದದ್ದು ಒಂದೇ ವರ್ಷಕ್ಕೆ ಮುಗಿದರೆ ನಮ್ಮ ಪುಸ್ತಕದಲ್ಲಿ ಅದರ ಬೆಲೆ ಇನ್ನೂ ಉಳಿದೇ ಇರುತ್ತದೆ, ಹೊಲದಲ್ಲಿ ಮಾತ್ರ ಗುಜರಿಗೆ ಹೋಗಿರುತ್ತದೆ.

ಇನ್ನು ಲೈನಿಗೆ ತರುವ ಕ್ರಮ. ಗಾಡಿ ನಿಂತ ಜಾಗ ಮೊದಲು ಮಟ್ಟಸವಾಗಬೇಕು. ಒಂದು ಗಾಲಿ ಬದುವಿನ ಮೇಲೆ, ಒಂದು ತಗ್ಗಿನಲ್ಲಿ ನಿಂತರೆ ಕಬ್ಬಿಣದ ಚೌಕಟ್ಟೇ ತಿರುಚಿಕೊಳ್ಳುತ್ತದೆ. ನಿನ್ನೆ ಬಾವಿಯ ದಂಡೆಯಲ್ಲಿ ಸರಿಯಿದ್ದ ಲೈನು ಇವತ್ತು ಮಡುವಿನ ದಂಡೆಯಲ್ಲಿ ಇರುವುದಿಲ್ಲ. ಗಾಲಿಗೆ ಕಲ್ಲು ಕೊಟ್ಟು ಚೌಕಟ್ಟಿನ ಕೆಳಗೆ ಹಲಗೆ ಇಡಬೇಕು. ಆಮೇಲೆ ಇಂಜಿನ್ನಿನ ನಾಲ್ಕು ಕಾಲಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡಬೇಕು. ಸಡಿಲಿಸಿದ ಕೂಡಲೇ ಯಾವ ಕಾಲು ಮೇಲೇಳುತ್ತದೋ ಅದರ ಕೆಳಗೆ ಸಂದು ಇದೆ ಎಂದರ್ಥ. ಕುಂಟುವ ಮಂಚದ ಕಾಲಿಗೆ ಮಡಚಿದ ಕಾಗದ ಇಡುತ್ತೇವಲ್ಲ, ಹಾಗೆ ಅದಕ್ಕೆ ತೆಳ್ಳನೆಯ ತಗಡು ಕೊಡಬೇಕು. ಇದನ್ನು ಬಿಟ್ಟು ಮುಂದೆ ಹೋದರೆ ಬೋಲ್ಟು ಬಿಗಿದಾಗಲೆಲ್ಲ ಲೈನು ಬದಲಾಗುತ್ತ ಇರುತ್ತದೆ. ದಿನವಿಡೀ ಕೂತರೂ ಕೆಲಸ ಮುಗಿಯುವುದಿಲ್ಲ.

ಪಂಪನ್ನು ಅಲುಗಿಸಬಾರದು. ಅದಕ್ಕೆ ಪೈಪು ಕೂಡಿರುತ್ತದೆ. ಸರಿಸುವುದು ಇಂಜಿನ್ನನ್ನು. ಕಪ್ಲಿಂಗಿನ ಎರಡು ಬಿಲ್ಲೆಗಳ ಅಂಚಿನ ಮೇಲೆ ಉಕ್ಕಿನ ಪಟ್ಟಿಯನ್ನು ಅಡ್ಡ ಇಡಬೇಕು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹೀಗೆ ನಾಲ್ಕೂ ಕಡೆ. ಎಲ್ಲಿಯೂ ಪಟ್ಟಿಯ ಅಡಿಯಲ್ಲಿ ಬೆಳಕು ಕಾಣಬಾರದು. ಇದು ಸರಿದ ತಪ್ಪಿಗೆ. ಓರೆಯ ತಪ್ಪಿಗೆ ಎರಡು ಬಿಲ್ಲೆಗಳ ಮುಖದ ನಡುವಿನ ಸಂದನ್ನು ಮತ್ತೆ ಅದೇ ನಾಲ್ಕು ಕಡೆ ಫೀಲರ್ ಗೇಜಿನಿಂದ ಅಳೆಯಬೇಕು. ಒಂದು ಸೂಕ್ಷ್ಮವಿದೆ. ಬಿಲ್ಲೆಯೇ ಸ್ವಲ್ಪ ಸೊಟ್ಟಗಿದ್ದರೆ ಅಳತೆ ಮೋಸಮಾಡುತ್ತದೆ. ಅದಕ್ಕೇ ಎರಡೂ ಬಿಲ್ಲೆಗೆ ಎದುರು ಬದುರು ಸುಣ್ಣದ ಗುರುತು ಹಾಕಿ, ಎರಡನ್ನೂ ಕೂಡಿಯೇ ಕೈಯಿಂದ ತಿರುಗಿಸಿ, ಗುರುತಿದ್ದಲ್ಲೇ ಪ್ರತಿ ಸಲ ಅಳೆಯಬೇಕು.

ಎಷ್ಟು ತಗಡು ಕೊಡಬೇಕೆಂಬುದಕ್ಕೆ ಹೈಸ್ಕೂಲಿನ ತ್ರೈರಾಶಿ ಸಾಕು. ಬಿಲ್ಲೆಯ ವ್ಯಾಸ 100 ಮಿಲಿಮೀಟರ್, ಮೇಲಿನ ಸಂದು ಕೆಳಗಿನದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು, ಇಂಜಿನ್ನಿನ ಮುಂಗಾಲಿಗೂ ಹಿಂಗಾಲಿಗೂ 400 ಮಿಲಿಮೀಟರ್ ಅಂತರ ಎಂದುಕೊಳ್ಳಿ. ನೂರಕ್ಕೆ ಅರ್ಧವಾದರೆ ನಾನೂರಕ್ಕೆ ಎರಡು. ಕಪ್ಲಿಂಗಿನಿಂದ ದೂರವಿರುವ ಹಿಂಗಾಲುಗಳಿಗೆ ಎರಡು ಮಿಲಿಮೀಟರ್ ತಗಡು ಏರಿಸಬೇಕು. ಮಾಮಾ ಇದನ್ನು ಅಂದಾಜಿನಿಂದ ಮಾಡುತ್ತಿದ್ದ, ಮೂರು ಸಲ ಬಿಚ್ಚಿ ಮೂರು ಸಲ ಕಟ್ಟುತ್ತಿದ್ದ. ನಾನು ಡೀಸೆಲ್ ಡಬ್ಬಿಯ ಮೇಲೆ ಸುಣ್ಣದಿಂದ ಲೆಕ್ಕ ಮಾಡಿ ತೋರಿಸಿದಾಗ ಒಂದೇ ಸಲಕ್ಕೆ ಕೂತಿತು. "ಬಿ.ಕಾಂ. ಫೀ ವಸೂಲಾತು ಬಿಡಪಾ" ಎಂದ. ಆ ಹೊಗಳಿಕೆಯೇ ನನ್ನ ತಲೆ ಕೆಡಿಸಿತು ಎಂದು ಈಗ ಅನಿಸುತ್ತದೆ.

ಕಡೆಯದಾಗಿ ಪೈಪು. ಹೀರುವ ಪೈಪಿನ ಭಾರ ಪಂಪಿನ ಕುತ್ತಿಗೆಗೆ ಜೋತುಬಿದ್ದರೆ ಪಂಪೇ ವಾಲುತ್ತದೆ. ಪೈಪಿಗೆ ಬೇರೆ ಆಸರೆ ಬೇಕು. ಪೈಪು ಕೂಡಿಸಿದ ಮೇಲೆ ಒಮ್ಮೆ, ಇಂಜಿನ್ನು ಒಂದು ತಾಸು ಓಡಿ ಕಾದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಲೈನು ನೋಡಬೇಕು. ಕಾದ ಕಬ್ಬಿಣ ಹಿಗ್ಗುತ್ತದೆ.

ದೊಡ್ಡ ದೇಶಗಳಲ್ಲಿ ನೀರುಣಿಸುವ ಯಂತ್ರವೇ ಹೊಲದ ತುಂಬ ನಡೆದಾಡುತ್ತದೆ. ಅಮೆರಿಕದ ಫ್ರಾಂಕ್ ಝೈಬಾಕ್ ಎಂಬ ರೈತ ಕಂಡುಹಿಡಿದದ್ದು, 1952ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಕಣದಲ್ಲಿ ಹಂತಿ ಹೂಡುವುದನ್ನು ನೆನೆದರೆ ಅದು ತಟ್ಟನೆ ತಿಳಿಯುತ್ತದೆ. ಮೇಟಿಯ ಸುತ್ತ ಎತ್ತುಗಳ ಸಾಲು ತಿರುಗುವಾಗ ಮೇಟಿಯ ಹತ್ತಿರದ ಮುದಿ ಎತ್ತು ನಿಂತಲ್ಲೇ ತಿರುಗಿದರೆ ಹೊರಗಿನ ಎತ್ತು ಓಡಬೇಕು, ಆದರೂ ಸಾಲು ನೇರ ಇರಬೇಕು. ಇಲ್ಲಿ ಎತ್ತಿನ ಬದಲು ಗಾಲಿಯ ಗೋಪುರಗಳು, ಅವುಗಳ ಮೇಲೆ ಉದ್ದನೆಯ ಪೈಪು. ಪೈಪು 400 ಮೀಟರ್ ಇದ್ದರೆ ಕೊನೆಯ ಗೋಪುರ ಒಂದು ಸುತ್ತಿಗೆ ಎರಡೂವರೆ ಕಿಲೋಮೀಟರ್ ನಡೆಯುತ್ತದೆ. ಮೊದಲು ಹೆಜ್ಜೆಯಿಡುವುದು ಹೊರಗಿನದು. ಅದು ಮುಂದೆ ಹೋದಾಗ ಪೈಪಿನ ಗೆಣ್ಣಿನಲ್ಲಿ ಸಣ್ಣ ಕೋನ ಹುಟ್ಟುತ್ತದೆ, ಆ ಕೋನ ಒಂದು ಚಿಕ್ಕ ಸ್ವಿಚ್ಚನ್ನು ಒತ್ತುತ್ತದೆ, ಆಗ ಒಳಗಿನ ಗೋಪುರದ ಮೋಟಾರು ಓಡಿ ಸಾಲಿಗೆ ಬಂದು ನಿಲ್ಲುತ್ತದೆ. ಯಾವುದಾದರೂ ಗಾಲಿ ಕೆಸರಿನಲ್ಲಿ ಹೂತು ಬಹಳ ಹಿಂದೆ ಬಿದ್ದರೆ ಇನ್ನೊಂದು ಸ್ವಿಚ್ಚು ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಅದು ಕೆಟ್ಟಿದ್ದರೆ ಪೈಪು ತಿರುಚಿ ಗೋಪುರ ಮಗುಚುತ್ತದೆ. ಒಂದು ಸುತ್ತಿಗೆ ಸುಮಾರು 125 ಎಕರೆ ಆವರಿಸುವ ಈ ಯಂತ್ರ ಸಾಸವಡದ ತುಂಡು ಹೊಲಗಳಿಗೆ ಬರುವಂಥದಲ್ಲ. ನಮ್ಮ ಗಾಡಿ ಇಂಜಿನ್ನಿಗಂತೂ ತಪ್ಪಿದಾಗ ನಿಲ್ಲಿಸುವ ಸ್ವಿಚ್ಚಿಲ್ಲ. ಇರುವುದು ನಮ್ಮ ಕಣ್ಣು.

ಆ ಕಣ್ಣು ಒಂದು ಸಲ ತಪ್ಪಿತು. ದೀಪಾವಳಿ ರಜೆ. ಗಾಡಿಯನ್ನು ಮಡುವಿನಿಂದ ಬಾವಿಗೆ ತಂದಿದ್ದೆವು. ಮಾಮಾನಿಗೆ ಬೇರೆ ಕಡೆ ಕರೆ ಬಂತು, ಲೈನು ನೋಡುವ ಕೆಲಸ ನನಗೆ ಬಿಟ್ಟು ಹೋದ. ಹೊತ್ತು ಮುಳುಗುತ್ತಿತ್ತು. ಪಟ್ಟಿಯನ್ನು ಮೇಲೆ ಇಟ್ಟೆ, ಬೆಳಕು ಕಾಣಲಿಲ್ಲ. ಪಕ್ಕಕ್ಕೆ ಇಡಲಿಲ್ಲ. ಎರಡು ದಿನ ಓಡಿತು. ಗ್ಲ್ಯಾಂಡಿನಿಂದ ನೀರು ಹೆಚ್ಚು ಸೋರುತ್ತದೆಂದು ನಟ್ಟು ಬಿಗಿದೆ. ಅದೂ ತಪ್ಪೇ. ಅಲ್ಲಿ ಹನಿಹನಿ ನೀರು ಬೀಳುತ್ತಿರಬೇಕು, ಇಲ್ಲವಾದರೆ ಶಾಫ್ಟು ಸುಡುತ್ತದೆ. ಸೋರಿಕೆ ಕಾಯಿಲೆಯಲ್ಲ, ಕಾಯಿಲೆಯ ಗುರುತು. ಮೂರನೆಯ ರಾತ್ರಿ ಬುಷ್ಷು ಹರಿದು ಪಂಪಿನ ಬೇರಿಂಗು ಹಿಡಿದು ನಿಂತಿತು. ಆ ರಾತ್ರಿಯ ಪಾಳಿ ಗಂಡನಿಲ್ಲದ ಒಬ್ಬ ಬಾಯಿಯದು. ಅವಳ ಅರ್ಧ ಎಕರೆ ವಟಾಣಿ ಹೂವಿಗೆ ಬಂದಿತ್ತು. ಪುಣೆಯಿಂದ ಬೇರಿಂಗು ತಂದು ಹಾಕುವಷ್ಟರಲ್ಲಿ ನಾಲ್ಕು ದಿನ. ಹೂವಿನ ಹೊತ್ತಿನಲ್ಲಿ ನೀರು ತಪ್ಪಿದರೆ ವಟಾಣಿ ಹೂ ಉದುರಿಸುತ್ತದೆ, ಮತ್ತೆ ಸುರಿದ ನೀರು ಆ ಹೂವನ್ನು ತಾರದು.

ಬೇರಿಂಗಿನ ಖರ್ಚನ್ನು ನಾಲ್ಕು ಮನೆಗೆ ಹಂಚಲು ನಾನೇ ಚೀಟಿ ಬರೆದೆ. ಉದುರಿದ ಹೂವನ್ನು ಯಾವ ಖಾತೆಗೆ ಹಾಕುವುದು ತಿಳಿಯಲಿಲ್ಲ. ಅದೇ ತಾಲ್ಲೂಕಿನ ನಾಯಗಾವದಲ್ಲಿ ವಿಲಾಸರಾವ್ ಸಾಳುಂಖೆ ಎಂಬವರು 1972ರ ಬರದ ನಂತರ ಪಾಣಿ ಪಂಚಾಯತಿ ಎಂಬ ಪದ್ಧತಿ ಕಟ್ಟಿದರು. ನೀರಿನ ಹಕ್ಕು ಹೊಲಕ್ಕಲ್ಲ, ಮನುಷ್ಯರಿಗೆ. ತಲೆಗೆ ಅರ್ಧ ಎಕರೆಯಷ್ಟು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ. ಭೂಮಿ ಇಲ್ಲದವರಿಗೂ ಪಾಲು, ಕಬ್ಬಿಗೆ ಮಾತ್ರ ನೀರಿಲ್ಲ. ಅದನ್ನು ಪಾಠದಂತೆ ಕೇಳಿದ್ದೆ. ಪಾಲಿನ ನೀರೆಂದರೆ ಪಾಲಿನ ಯಂತ್ರವೂ ಹೌದು, ಒಬ್ಬ ಪಟ್ಟಿ ಇಡದಿದ್ದರೆ ಇನ್ನೊಬ್ಬರ ಹೂ ಉದುರುತ್ತದೆ ಎಂಬುದು ಆ ವಾರ ತಿಳಿಯಿತು.

ಮಾಮಾ ಬೈಯಲಿಲ್ಲ. ತನ್ನ ಮುಂದಿನ ಎರಡು ಪಾಳಿ ಆ ಬಾಯಿಗೆ ಬಿಟ್ಟುಕೊಟ್ಟ, ಅವನ ವಟಾಣಿಯೂ ಅಷ್ಟಕ್ಕಷ್ಟೇ ಆಯಿತು. ನಾನು ಹೋಗಿ ತಪ್ಪು ನನ್ನದು ಎಂದು ಹೇಳಿದಾಗ ಅವಳು ಮರಾಠಿಯಲ್ಲಿ ಏನೋ ಅಂದಳು. ನನಗೆ ಅರ್ಧ ತಿಳಿಯಿತು, ಉಳಿದರ್ಧ ಮಾಮಾ ಹೇಳಲಿಲ್ಲ. ಈಗ ಆ ಇಂಜಿನ್ನಿನ ಡಬ್ಬಿಯಲ್ಲಿ ಉಕ್ಕಿನ ಪಟ್ಟಿಯ ಜೊತೆ ಒಂದು ಸಣ್ಣ ವಹಿ ಇಟ್ಟಿದ್ದೇವೆ. ಗಾಡಿ ಸರಿಸಿದ ದಿನ, ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ಮನೆ, ನೋಡಿದವರ ಸಹಿ. ಕಳೆದ ರಜೆಯಲ್ಲಿ ಹೋದಾಗ ತೆರೆದು ನೋಡಿದೆ. ಹೆಚ್ಚಿನ ಸಹಿಗಳು ಆ ಬಾಯಿಯವೇ ಇದ್ದವು.