ಕಾಲು ತೆಗೆದರೆ ನಿಲ್ಲುವ ನಡುಕ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆ ಜೆ.ಸಿ. ರಸ್ತೆಯಲ್ಲಿ ನಡೆದರೆ, ರವೀಂದ್ರ ಕಲಾಕ್ಷೇತ್ರ ದಾಟಿದ ಮೇಲೆ ವಾಹನದ ಬಿಡಿಭಾಗಗಳದೇ ಸಂತೆ. ಸೀಟ್ ಕವರು, ಹಾರ್ನು, ಬೇರಿಂಗು, ಕ್ಲಚ್ ಪ್ಲೇಟು. ನಾನು ಬಂದದ್ದು ಒಳಗಿನ ಗಲ್ಲಿಗೆ. ಇಲ್ಲೊಂದು ತಗಡಿನ ಶೆಡ್ಡಿನ ಮುಂದೆ ಮಾರುತಿ 800 ಬಾನೆಟ್ ತೆರೆದು ನಿಂತಿದೆ. 1983ರಲ್ಲಿ ಬಂದ ಈ ಮಾದರಿಯ ತಯಾರಿಕೆ ನಿಂತದ್ದು 2014ರಲ್ಲಿ. ಹಾಗಾಗಿ ಈಗ ಓಡುತ್ತಿರುವ 800ಗಳೆಲ್ಲ ವಯಸ್ಸಾದವೇ.

“ಪಿಕಪ್ ಕೊಟ್ಟರೆ ಗಾಡಿ ಪೂರ್ತಿ ಅದುರುತ್ತೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗಲಿಲ್ಲ,” ಎನ್ನುತ್ತಾರೆ ಮಾಲೀಕರು.

ಮೆಕ್ಯಾನಿಕ್ ಇನ್ನೂ ಸ್ಪ್ಯಾನರ್ ಮುಟ್ಟಿಲ್ಲ. “ಆಕ್ಸಿಲೇಟರಿಂದ ಕಾಲು ತೆಗೆದರೆ ನಿಲ್ಲುತ್ತಾ ಸಾರ್?”

“ನಿಲ್ಲುತ್ತೆ.”

“ನ್ಯೂಟ್ರಲಲ್ಲಿ ರೇಸ್ ಮಾಡಿದರೆ?”

“ಆಗ ಏನೂ ಇಲ್ಲ.”

ಈ ಎರಡು ಪ್ರಶ್ನೆ ಮೊದಲೇ ಯಾರಾದರೂ ಕೇಳಿದ್ದರೆ ಬ್ಯಾಲೆನ್ಸಿಂಗ್ ದುಡ್ಡು ಉಳಿಯುತ್ತಿತ್ತು. ಚಕ್ರದ ತೂಕ ಏರುಪೇರಾಗಿದ್ದರೆ ನಡುಕ ವೇಗವನ್ನು ನೋಡಿ ಬರುತ್ತದೆ. ಕಾಲು ತೆಗೆದರೂ ಆ ವೇಗ ಇಳಿಯುವತನಕ ಬಿಡುವುದಿಲ್ಲ. ಬರೀ ಎಳೆಯುವಾಗ ಬಂದು, ಎಳೆತ ನಿಂತೊಡನೆ ಹೋಗುವ ನಡುಕವನ್ನು ಎಂಜಿನ್ನಿನಿಂದ ಚಕ್ರದವರೆಗಿನ ದಾರಿಯಲ್ಲೇ ಹುಡುಕಬೇಕು.

ಮಿಸ್ಸಿಂಗ್ ಇರಬಹುದೇ? 796 ಸಿಸಿಯ ಈ ಎಂಜಿನ್ನಿಗೆ ಇರುವುದೇ ಮೂರು ಸಿಲಿಂಡರು. ಒಂದು ಕೈಕೊಟ್ಟರೂ ಗಾಡಿ ಕುಗ್ಗುತ್ತದೆ. ಕೆಲವೊಮ್ಮೆ ಭಾರ ಬಿದ್ದಾಗ ಮಾತ್ರ ಮಿಸ್ಸಿಂಗ್ ಕಾಣಿಸುತ್ತದೆ. ಅದಕ್ಕೇ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರು. ಮೂರೂ ಒಂದೇ ತೆಳು ಕಂದು ಬಣ್ಣ, ಎಣ್ಣೆಯ ಪಸೆ ಇಲ್ಲ. ಅಂದರೆ ಮಿಸ್ಸಿಂಗ್ ಅಲ್ಲ.

ಮುಂದಿನದು ಮೌಂಟಿಂಗ್. ಮೂರು ಸಿಲಿಂಡರಿನ ಎಂಜಿನ್ ಹುಟ್ಟಿನಿಂದಲೇ ತೂಗಾಡುವ ಜಾತಿ. ಆ ಅಲುಗಾಟವನ್ನು ನುಂಗುವುದು ಮೌಂಟಿಂಗಿನ ರಬ್ಬರು. ಅದು ಗಟ್ಟಿಯಾದರೆ ಅಥವಾ ಹರಿದರೆ ಅದುರಾಟ ನೇರ ಕಾರಿನ ಮೈಗೆ ಬರುತ್ತದೆ. ಹುಡುಗನೊಬ್ಬ ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕೂ ಎಳೆದು, ಮೊದಲ ಗೇರಿನಲ್ಲಿ ಕ್ಲಚ್ ಅನ್ನು ಚೂರೇ ಬಿಟ್ಟ. ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲದಂತೆ ಮೊದಲೇ ಸರಿಸಿದ್ದರು, ಮನೆಯಲ್ಲಿ ಮಾಡಿನೋಡುವವರು ಇದನ್ನು ಮರೆಯಬಾರದು. ಎಂಜಿನ್ ಸ್ವಲ್ಪ ವಾಲಿತು, ಆದರೆ ನೆಗೆಯಲಿಲ್ಲ. ರಿವರ್ಸಿನಲ್ಲೂ ಅಷ್ಟೇ.

ಕಾರನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದರು. ಬರೀ ಜಾಕಿ ನಂಬಿ ಕೆಳಗೆ ನುಗ್ಗುವ ಗ್ಯಾರೇಜುಗಳನ್ನು ಕಂಡಿರುವ ನನಗೆ ಈ ಎಚ್ಚರ ಕಂಡು ಗೌರವ ಮೂಡಿತು. ಟಾರ್ಚ್ ಬೆಳಕಿನಲ್ಲಿ ನೋಡಿದರೆ, ಎಡಗಡೆಯ ಡ್ರೈವ್ ಶಾಫ್ಟಿನಲ್ಲಿ ಗೇರ್ ಬಾಕ್ಸಿನ ಬದಿಯ ರಬ್ಬರ್ ಬೂಟು ಸೀಳಿದೆ. ಸುತ್ತಲೂ ಎರಚಿದ ಕರಿ ಗ್ರೀಸು. ಶಾಫ್ಟನ್ನು ಹಿಡಿದು ಅಲುಗಿಸಿದರೆ ಕಟಕಟ. ಸೀಳಿನಿಂದ ಧೂಳು, ನೀರು ಹೊಕ್ಕು ಒಳಗಿನ ಜಾಯಿಂಟು ಸವೆದಿದೆ. ಎಂಜಿನ್ ಬಲ ಹಾಕಿದಾಗಲೆಲ್ಲ ಆ ಸವೆತದ ಜಾಗದಲ್ಲಿ ಜಾಯಿಂಟು ಸಲೀಸಾಗಿ ಸರಿಯದೆ ತೊಡರುತ್ತದೆ. ಚಕ್ರದ ಬದಿಯ ಹೊರಗಿನ ಜಾಯಿಂಟು ಹೋಗಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗ ಟಕಟಕ ಕೇಳಿಸುತ್ತಿತ್ತು.

“ಮೌಂಟಿಂಗೂ ಹಾಕಿಬಿಡಿ,” ಎಂದರು ಮಾಲೀಕರು.

“ಬೇಡ ಸಾರ್, ಅದು ಚೆನ್ನಾಗೇ ಇದೆ.”

ಈ ಮಾತಿಗೇ ಇಂಥ ಶೆಡ್ಡನ್ನು ಹುಡುಕಿಕೊಂಡು ಬರಬೇಕು. ಹಳೇ ಶಾಫ್ಟನ್ನು ಚೀಲಕ್ಕೆ ಹಾಕಿ ಹುಡುಗನನ್ನು ಮುಖ್ಯ ರಸ್ತೆಗೆ ಕಳಿಸಿದರು: ಉದ್ದ ಅಳೆಯಬೇಕು, ಹಲ್ಲು ಎಣಿಸಬೇಕು, ಆಯಿಲ್ ಸೀಲನ್ನೂ ತರಬೇಕು. ಶಾಫ್ಟ್ ಎಳೆದಾಗ ಸುರಿದ ಗೇರ್ ಆಯಿಲ್ಲನ್ನು ತುಂಬಿಸದೆ ಗಾಡಿ ಹೊರಗೆ ಬಿಡುವುದಿಲ್ಲ ಎಂದು ಮಾಲೀಕರಿಗೂ ಹೇಳಿದರು.